ಶಿವಮೊಗ್ಗ–ಬೆಂಗಳೂರು ವಿಮಾನ: ಹದಿನೆಂಟು ನಿಮಿಷವೋ, ಒಂದೂಕಾಲು ಗಂಟೆಯೋ?

ಪ್ರಶ್ನೆ: ನಾವು ತೀರ್ಥಹಳ್ಳಿಯವರು. ಮಗಳು ದುಬೈನಲ್ಲಿದ್ದಾಳೆ. ಬರುವ ಡಿಸೆಂಬರ್‌ನಲ್ಲಿ ನಾನೂ ಮನೆಯವರೂ ಮೊದಲ ಸಲ ಅಲ್ಲಿಗೆ ಹೊರಟಿದ್ದೇವೆ. ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ದುಬೈ ವಿಮಾನ ಹಿಡಿಯುವ ಯೋಚನೆ. ಶಿವಮೊಗ್ಗ–ಬೆಂಗಳೂರು ದೂರ ಹುಡುಕಿದರೆ ಇಂಟರ್ನೆಟ್‌ನಲ್ಲಿ ಒಂದು ಕಡೆ 243, ಒಂದು ಕಡೆ 238, ಇನ್ನೊಂದು ಕಡೆ 129 ಅಂತ ಬರುತ್ತದೆ. ಸಮಯವೂ ಹಾಗೇ. ಒಬ್ಬರು 18 ನಿಮಿಷ ಅಂತಾರೆ, ಇನ್ನೊಬ್ಬರು 48 ನಿಮಿಷ, ಟಿಕೆಟ್ ನೋಡಿದರೆ 1 ಗಂಟೆ 15 ನಿಮಿಷ. ದುಬೈಗೆ ಹೋಗುವಾಗ ಎರಡೂವರೆ ಗಂಟೆ, ಬರುವಾಗ ಐದು ಗಂಟೆ ಮೇಲೆ ತೋರಿಸುತ್ತದೆ. ಯಾವುದನ್ನು ನಂಬುವುದು? ಮಂಗಳೂರಿನಿಂದ ಹೋಗಿ ಅಂತ ಹೇಳುವವರೂ ಇದ್ದಾರೆ, ಆದರೆ ಘಟ್ಟ ಇಳಿಯಬೇಕಲ್ಲ?

ಉತ್ತರ: ಮೊದಲು ದೂರದ ಲೆಕ್ಕ ಮುಗಿಸಿಬಿಡೋಣ, ಅದು ಸುಲಭ. ನಿಮಗೆ ಸಿಕ್ಕ ಮೂರೂ ಅಂಕಿ ಸರಿಯೇ. ಮೂರೂ ಬೇರೆ ಬೇರೆ ಅಳತೆ, ಅಷ್ಟೇ.

243 ಅನ್ನುವುದು ಶಿವಮೊಗ್ಗ ಪೇಟೆಯ ನಡುವಿನಿಂದ ಬೆಂಗಳೂರು ಪೇಟೆಯ ನಡುವಿಗೆ ಇರುವ ನೇರ ದೂರ, ಕಿಲೋಮೀಟರ್‌ನಲ್ಲಿ. ಆದರೆ ವಿಮಾನ ಗೋಪಿ ಸರ್ಕಲ್‌ನಿಂದ ಏಳುವುದಿಲ್ಲ, ಮೆಜೆಸ್ಟಿಕ್‌ನಲ್ಲಿ ಇಳಿಯುವುದೂ ಇಲ್ಲ. ಏಳುವುದು ಭದ್ರಾವತಿ ಕಡೆಗಿರುವ ಸೋಗಾನೆಯಿಂದ, ಇಳಿಯುವುದು ದೇವನಹಳ್ಳಿಯಲ್ಲಿ. ಈ ಎರಡು ನಿಲ್ದಾಣಗಳ ನಡುವೆ ಅಳೆದರೆ 238 ಕಿ.ಮೀ. ಇನ್ನು 129 ಇದೆಯಲ್ಲ, ಅದೂ ಇದೇ 238. ವಿಮಾನದವರು, ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಿ ಬರೆದಿದ್ದಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಅಂಕಿಯ ಪಕ್ಕ ಯಾವ ಅಳತೆ ಅಂತ ಬರೆಯದೆ ಬಿಟ್ಟರೆ ಜನ ಗೊಂದಲ ಆಗದೆ ಇನ್ನೇನು?

ಈ 238ನ್ನು ನೀವೇ ಕಾಗದದ ಮೇಲೆ ತೆಗೆಯಬಹುದು. ಸೋಗಾನೆ ನಿಲ್ದಾಣ ಇರುವುದು ಸುಮಾರು 13.86 ಡಿಗ್ರಿ ಉತ್ತರ ಅಕ್ಷಾಂಶ, 75.61 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಂಗಳೂರು ನಿಲ್ದಾಣ 13.20 ಮತ್ತು 77.71ರಲ್ಲಿ. ಉತ್ತರ–ದಕ್ಷಿಣದ ವ್ಯತ್ಯಾಸ 0.66 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ., ಅಂದರೆ 73 ಕಿ.ಮೀ. ಪೂರ್ವ–ಪಶ್ಚಿಮದ ವ್ಯತ್ಯಾಸ 2.10 ಡಿಗ್ರಿ. ಇಲ್ಲಿ 111ರಿಂದ ಗುಣಿಸುವ ಹಾಗಿಲ್ಲ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದ ಹಾಗೆ ಹತ್ತಿರ ಹತ್ತಿರ ಬರುತ್ತವೆ. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿಗೆ 108 ಕಿ.ಮೀ. ಸಿಗುತ್ತದೆ. 2.10ನ್ನು 108ರಿಂದ ಗುಣಿಸಿದರೆ 227. ಆಮೇಲೆ ಹೈಸ್ಕೂಲಿನ ಪೈಥಾಗೊರಸ್. 73ರ ವರ್ಗ, 227ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 238 ಬಂದೇ ಬರುತ್ತದೆ. ಸಾವಿರ ಕಿಲೋಮೀಟರ್ ಒಳಗಿನ ಯಾವ ಎರಡು ಊರಿಗೂ ಈ ಲೆಕ್ಕ ಸಾಕು.

ಅದಕ್ಕಿಂತ ದೂರಕ್ಕೆ ಭೂಮಿ ದುಂಡಗಿರುವುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟರೆ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಅಡ್ಡಡ್ಡಲಾಗಿ ಸಮುದ್ರ ದಾಟಿ ಹೋಗಬೇಕು ಅನ್ನಿಸುತ್ತದೆ. ಗ್ಲೋಬ್ ಮೇಲೆ ದಾರ ಎಳೆದು ನೋಡಿ, ದಾರ ನೇರ ಉತ್ತರ ಧ್ರುವದ ಕಡೆ ಓಡುತ್ತದೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದ ಮೊದಲ ನೇರ ವಿಮಾನ ಧ್ರುವದ ಮೇಲಿಂದಲೇ ಬಂತು. ಅದನ್ನು ಹಾರಿಸಿದ ಪೈಲಟ್‌ಗಳೆಲ್ಲ ಮಹಿಳೆಯರು. ಎರಡು ಊರಿನ ನಡುವಿನ ನೇರ ದೂರ ಸುಮಾರು 14,000 ಕಿ.ಮೀ.

ಆದರೆ ಒಂದು ಮಾತು. ಮಲೆನಾಡಿನಲ್ಲಿ ಕೂತವರಿಗೆ ನೇರ ದೂರದಿಂದ ಆಗುವ ಉಪಯೋಗ ಕಡಿಮೆ. ಶರಾವತಿ ಹಿನ್ನೀರಿನ ಆಚೆ ದಡ ಕಣ್ಣಿಗೆ ಕಾಣುತ್ತಿತ್ತು, ಆದರೂ ಸಿಗಂದೂರಿಗೆ ಹೋಗಲು ಲಾಂಚ್ ಕಾಯಬೇಕಿತ್ತು, ಇಲ್ಲವೇ ಸುತ್ತುಬಳಸಿ ಹೋಗಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದ್ದು 2025ರ ಜುಲೈಯಲ್ಲಿ. ಶಿವಮೊಗ್ಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ನೇರ ದೂರಕ್ಕಿಂತ ಕಾಲುಭಾಗ ಜಾಸ್ತಿ, ಅಷ್ಟೇ. ತರೀಕೆರೆ ದಾಟಿದ ಮೇಲೆ ಬಯಲುಸೀಮೆ, ರಸ್ತೆಗೆ ಅಡ್ಡ ಬರುವುದು ಏನೂ ಇಲ್ಲ. ಅದೇ ಶಿವಮೊಗ್ಗದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ದೂರ ಬರೀ 130 ಕಿ.ಮೀ., ರಸ್ತೆಯಲ್ಲಿ ಹೋದರೆ 200ರ ಹತ್ತಿರ. ಘಟ್ಟ ಎಂದರೆ ಹಾಗೆ. ಈ ಮಂಗಳೂರಿನ ಮಾತಿಗೆ ಆಮೇಲೆ ಬರುತ್ತೇನೆ, ನಿಮ್ಮ ವಿಷಯದಲ್ಲಿ ಅದೇ ಮುಖ್ಯ.

ಈಗ ಸಮಯ.

ಹದಿನೆಂಟು ನಿಮಿಷ ಹೇಗೆ ಬಂತು ಅಂದರೆ, 238ನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದ್ದಾರೆ. ಕಂಪ್ಯೂಟರ್ ತಾನೇ ಮಾಡಿದ ಲೆಕ್ಕ, ಸುಮ್ನೆ ಬಿಟ್ಟುಬಿಡಿ. 48 ನಿಮಿಷದವರು ಅದಕ್ಕೇ ಏರಲು, ಇಳಿಯಲು ಅಂತ 30 ನಿಮಿಷ ಸೇರಿಸಿದ್ದಾರೆ. ಪರವಾಗಿಲ್ಲ, ಇವರಿಗೆ ಸ್ವಲ್ಪ ವಿವೇಕ ಇದೆ. ಆದರೆ ಇಬ್ಬರೂ ಜೆಟ್ ವಿಮಾನದ ವೇಗ ಹಿಡಿದಿದ್ದಾರೆ. 2023ರ ಆಗಸ್ಟ್ 31ರಂದು ಸೋಗಾನೆಗೆ ಬಂದಿಳಿದ ಮೊದಲ ಪ್ರಯಾಣಿಕರ ವಿಮಾನ ಇಂಡಿಗೋದ ಎಟಿಆರ್-72. ಬೆಂಗಳೂರು ದಾರಿಗೆ ಆ ಕಂಪನಿ ಹಾಕುವುದು ಇದನ್ನೇ. ರೆಕ್ಕೆಗೆ ಎರಡು ದೊಡ್ಡ ಫ್ಯಾನ್ ಇರುತ್ತದಲ್ಲ, ಅದು. 78 ಸೀಟು. ಇದರ ಓಟ ಗಂಟೆಗೆ ಹೆಚ್ಚೆಂದರೆ 500 ಕಿ.ಮೀ. ಆಸುಪಾಸು. ಫ್ಯಾನ್ ನೋಡಿ ಹಳೆಯ ಗಾಡಿ ಅಂತ ಅಂದುಕೊಳ್ಳಬೇಡಿ. ಇಷ್ಟು ಸಣ್ಣ ದೂರಕ್ಕೆ ಜೆಟ್‌ಗಿಂತ ಇದೇ ಸರಿ, ಎಣ್ಣೆ ಬಹಳ ಕಡಿಮೆ ಕುಡಿಯುತ್ತದೆ.

ಆ 500ರ ವೇಗವೂ ಪೂರ್ತಿ ದಾರಿಗೆ ಸಿಗುವುದಿಲ್ಲ. ಒಂದು ಹಾರಾಟವನ್ನು ನಿಮಿಷ ನಿಮಿಷವಾಗಿ ಬಿಡಿಸಿ ನೋಡೋಣ. ಸೋಗಾನೆಯಲ್ಲಿ ಬಾಗಿಲು ಹಾಕಿ, ಎಂಜಿನ್ ಶುರು ಮಾಡಿ, ರನ್‌ವೇ ತುದಿಗೆ ಹೋಗಿ ನಿಲ್ಲಲು ಹತ್ತು ನಿಮಿಷ. ಸಣ್ಣ ನಿಲ್ದಾಣ, ಮುಂದೆ ಕ್ಯೂ ಇರುವುದಿಲ್ಲ. ಎದ್ದ ಮೇಲೆ ಹದಿನೈದು ಸಾವಿರ ಅಡಿಗೆ ಏರಲು ಹನ್ನೆರಡು–ಹದಿಮೂರು ನಿಮಿಷ. ಏರುವಾಗ ವೇಗ ಗಂಟೆಗೆ 300 ಕಿ.ಮೀ. ಚಿಲ್ಲರೆ, ಅಷ್ಟರಲ್ಲಿ 70 ಕಿ.ಮೀ. ಕಳೆಯುತ್ತದೆ. ಇಳಿಯುವುದಕ್ಕೂ ಅಷ್ಟೇ ದೂರ ಬೇಕು. ಬೆಂಗಳೂರು ನಿಲ್ದಾಣ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ, ಹಾಗಾಗಿ ಇಳಿಯಬೇಕಾದ್ದು ಹನ್ನೆರಡು ಸಾವಿರ ಅಡಿ. ಮೆಲ್ಲಗೆ ಮೂರು ಡಿಗ್ರಿ ಇಳಿಜಾರಿನಲ್ಲಿ ಬಂದರೆ ಮತ್ತೆ 70 ಕಿ.ಮೀ. ಉಳಿಯಿತು ನೂರು ಕಿಲೋಮೀಟರ್. ಪೂರ್ತಿ ವೇಗದಲ್ಲಿ ಓಡುವುದು ಇಷ್ಟೇ, ಹನ್ನೆರಡು ನಿಮಿಷ. ಗಗನಸಖಿ ನೀರು ಕೊಟ್ಟು, ಲೋಟ ವಾಪಸ್ ತಗೊಳ್ಳುವುದರೊಳಗೆ ಬೆಲ್ಟ್ ಹಾಕಿ ಅನ್ನುತ್ತಾರೆ, ಕಾರಣ ಇದೇ.

ಆಮೇಲೆ ಬೆಂಗಳೂರಿನ ಆಟ ಶುರು. ಅಲ್ಲಿ ಎರಡು ರನ್‌ವೇ ಇದ್ದರೂ ವಿಮಾನ ಸಾಲುಗಟ್ಟಿ ಬರುತ್ತವೆ. ಕಂಟ್ರೋಲ್ ಟವರ್‌ನವರು ನಿಧಾನದ ಎಟಿಆರ್ ಅನ್ನು ಜೋರಿನ ಜೆಟ್‌ಗಳ ನಡುವೆ ಸೇರಿಸಬೇಕು. ಅದಕ್ಕೆ ಆ ಕಡೆ ತಿರುಗು, ಈ ಕಡೆ ತಿರುಗು ಅಂತ ಹೇಳುತ್ತಾರೆ. ಗಾಳಿಯ ದಿಕ್ಕೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಬೇಕು. ಚಳಿಗಾಲದಲ್ಲಿ ಮೂಡಣ ಗಾಳಿ ಜಾಸ್ತಿ, ಆಗ ಪಶ್ಚಿಮದಿಂದ ಬರುವ ಶಿವಮೊಗ್ಗ ವಿಮಾನ ನೆಟ್ಟಗೆ ಬಂದು ಇಳಿದುಬಿಡುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ. ಆಗ ನಿಲ್ದಾಣವನ್ನು ಕಿಟಕಿಯಲ್ಲೇ ನೋಡುತ್ತಾ ಪೂರ್ವಕ್ಕೆ ದಾಟಿ ಹೋಗಿ, ಅಲ್ಲಿ ತಿರುಗಿಕೊಂಡು ವಾಪಸ್ ಬಂದು ಇಳಿಯಬೇಕು. ನಲವತ್ತು–ಐವತ್ತು ಕಿಲೋಮೀಟರ್ ಅಲ್ಲೇ ಹೆಚ್ಚಾಯಿತು. ಜುಲೈಯಲ್ಲಿ ಹೋದವರು "ಊರು ಸುತ್ತಿಸಿದ" ಅಂತ ಪೈಲಟ್‌ನನ್ನು ಬೈಯುತ್ತಾರೆ. ಪಾಪ, ಅವರ ತಪ್ಪಲ್ಲ.

ಇಳಿದ ಮೇಲೆ ನಿಲ್ಲುವ ಜಾಗಕ್ಕೆ ತೆವಳಿಕೊಂಡು ಹೋಗಲು ಮತ್ತೆ ಎಂಟು–ಹತ್ತು ನಿಮಿಷ. ಎಲ್ಲ ಕೂಡಿಸಿ, ಒಂದು ಗಂಟೆ ಐದು ನಿಮಿಷದ ಹತ್ತಿರ ಬರುತ್ತದೆ. ಚಕ್ರಕ್ಕೆ ಕೊಟ್ಟ ಅಡ್ಡಕಟ್ಟೆ ತೆಗೆದ ಹೊತ್ತಿನಿಂದ ಮತ್ತೆ ಅಡ್ಡಕಟ್ಟೆ ಇಡುವ ಹೊತ್ತಿನವರೆಗೆ ಎಣಿಸುವ ಇದನ್ನು ವಿಮಾನದವರು ಬ್ಲಾಕ್ ಟೈಮ್ ಅನ್ನುತ್ತಾರೆ. ಟಿಕೆಟ್‌ನಲ್ಲಿ ಇರುವುದು ಇದೇ. ಮೇಲಿನ ಹತ್ತು ನಿಮಿಷ ಕಂಪನಿ ಇಟ್ಟುಕೊಂಡ ಕೈಕಾವಲು. ಹೇಳಿದ ಹೊತ್ತಿಗಿಂತ 15 ನಿಮಿಷದ ಒಳಗೆ ತಲುಪಿದರೆ ಆ ವಿಮಾನ "ಸಮಯಕ್ಕೆ ಸರಿಯಾಗಿ" ಬಂತು ಅಂತ ಲೆಕ್ಕ, ಆ ಅಂಕಿಗಳನ್ನು ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆ ಡಿಜಿಸಿಎ ತಿಂಗಳು ತಿಂಗಳು ಪ್ರಕಟಿಸುತ್ತದೆ. ಹೆಸರು ಕೆಡಬಾರದು ಅಂತ ಎಲ್ಲ ಕಂಪನಿಯೂ ಸ್ವಲ್ಪ ಜಾಸ್ತಿಯೇ ಬರೆಯುತ್ತವೆ. ಕೆಲವೊಮ್ಮೆ "ಹದಿನೈದು ನಿಮಿಷ ಮುಂಚೆ ತಲುಪಿದ್ದೇವೆ" ಅಂತ ಹೆಮ್ಮೆಯಿಂದ ಹೇಳುತ್ತಾರಲ್ಲ, ಅದರ ಗುಟ್ಟು ಇಷ್ಟೇ.

ಹಾಗಾಗಿ ಇಂಟರ್ನೆಟ್ ಬಿಟ್ಟು ನೀವೇ ಅಂದಾಜು ಮಾಡುವುದಾದರೆ ಹೀಗೆ ಮಾಡಿ. ಎಟಿಆರ್ ಆದರೆ ದೂರವನ್ನು 500ರಿಂದ ಭಾಗಿಸಿ 35 ನಿಮಿಷ ಸೇರಿಸಿ. ಜೆಟ್ ಆದರೆ 800ರಿಂದ ಭಾಗಿಸಿ ಅಷ್ಟೇ 35 ನಿಮಿಷ ಸೇರಿಸಿ. ಬೆಂಗಳೂರು–ದೆಹಲಿ 1,700 ಕಿ.ಮೀ., ಲೆಕ್ಕ ಮಾಡಿದರೆ ಎರಡು ಗಂಟೆ 43 ನಿಮಿಷ ಬರುತ್ತದೆ. ಟಿಕೆಟ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ದೂರ ಏಳು ಪಟ್ಟು ಜಾಸ್ತಿ, ಹೊತ್ತು ಮಾತ್ರ ಎರಡೂವರೆ ಪಟ್ಟು! ಸಣ್ಣ ಹಾರಾಟದಲ್ಲಿ ಹೊತ್ತು ತಿನ್ನುವುದು ದೂರಕ್ಕಿಂತ ಹೆಚ್ಚಾಗಿ ಈ ಏರು, ಇಳಿ, ಕಾಯುವಿಕೆ. ಸೋಗಾನೆಯ ರನ್‌ವೇ 3,200 ಮೀಟರ್ ಇದೆ, ನಾಳೆ ದೊಡ್ಡ ಜೆಟ್ ಬಂದರೂ ಬೆಂಗಳೂರಿನ ಹೊತ್ತು ಹತ್ತು ನಿಮಿಷಕ್ಕಿಂತ ಜಾಸ್ತಿ ಕಡಿಮೆಯಾಗದು.

ಬೆಂಗಳೂರು ಪೇಟೆಗೆ ಮಾತ್ರ ಹೋಗುವವರಿಗೆ ಇನ್ನೊಂದು ಮಾತು. ಶಿವಮೊಗ್ಗ ಪೇಟೆಯಿಂದ ಸೋಗಾನೆಗೆ ಅರ್ಧ ಗಂಟೆ, ಅಲ್ಲಿ ಒಂದೂಕಾಲು ಗಂಟೆ ಮುಂಚೆ ಇರಬೇಕು, ಹಾರಾಟ ಒಂದೂಕಾಲು ಗಂಟೆ, ಲಗೇಜ್‌ಗೆ ಇಪ್ಪತ್ತು ನಿಮಿಷ, ದೇವನಹಳ್ಳಿಯಿಂದ ಪೇಟೆಗೆ ಮತ್ತೆ ಒಂದೂಕಾಲು ಗಂಟೆ. ಕೂಡಿಸಿದರೆ ನಾಲ್ಕೂವರೆ ದಾಟುತ್ತದೆ. ಜನಶತಾಬ್ದಿ ರೈಲೂ ಹೆಚ್ಚು ಕಡಿಮೆ ಇಷ್ಟೇ ತಗೊಳ್ಳುತ್ತದೆ. ಸೋಗಾನೆಯ ವಿಮಾನದ ನಿಜವಾದ ಲಾಭ ಇರುವುದು ದೇವನಹಳ್ಳಿಯಿಂದ ಮುಂದಕ್ಕೆ ಇನ್ನೊಂದು ವಿಮಾನ ಹತ್ತುವವರಿಗೆ.

ಇನ್ನು ದುಬೈ. ಹೋಗುವಾಗ ಎರಡೂವರೆ, ಬರುವಾಗ ಐದು ಗಂಟೆ ಹತ್ತು ನಿಮಿಷ ಅಂತ ನಿಮಗೆ ಕಂಡಿದ್ದು ಗಡಿಯಾರದ ಆಟ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಗ್ಗೆ 10ಕ್ಕೆ ಹೊರಟು 12.30ಕ್ಕೆ ತಲುಪಿದರೆ, ಆಗ ನಮ್ಮ ಗಡಿಯಾರದಲ್ಲಿ 2 ಗಂಟೆ. ಅಂದರೆ ಪ್ರಯಾಣ ನಾಲ್ಕು ಗಂಟೆ. ಸುಲಭದ ಉಪಾಯ ಬೇಕಾದರೆ, ಹೋಗುವ ಹೊತ್ತು ಬರುವ ಹೊತ್ತು ಎರಡನ್ನೂ ಕೂಡಿಸಿ ಅರ್ಧ ಮಾಡಿ. ಎರಡೂವರೆ ಮತ್ತು ಐದು ಹತ್ತು ಸೇರಿ ಏಳು ನಲವತ್ತು, ಅರ್ಧ ಮೂರು ಗಂಟೆ ಐವತ್ತು ನಿಮಿಷ. ಗಡಿಯಾರದ ವ್ಯತ್ಯಾಸ ತಾನೇ ಕಳೆದುಹೋಗುತ್ತದೆ. ನನ್ನ ಸೂತ್ರ ಹಾಕಿದರೂ ಬೆಂಗಳೂರು–ದುಬೈ 2,700 ಕಿಲೋಮೀಟರ್‌ಗೆ ನಾಲ್ಕು ಗಂಟೆಯ ಹತ್ತಿರವೇ.

ಆದರೂ ಹೋಗುವಾಗ ನಾಲ್ಕು ಗಂಟೆ, ಬರುವಾಗ ಮೂರು ಗಂಟೆ ನಲವತ್ತು ನಿಮಿಷ ಯಾಕೆ? ಇದು ಗಾಳಿಯ ಕೆಲಸ. ಚಳಿಗಾಲದಲ್ಲಿ ಅರಬ್ಬೀ ಸಮುದ್ರದ ಉತ್ತರಕ್ಕೆ, ಹನ್ನೊಂದು–ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಮಳೆಗಾಲದಲ್ಲಿ ನಮ್ಮ ದಕ್ಷಿಣದ ಮೇಲೆ ಇದಕ್ಕೆ ಪೂರಾ ಉಲ್ಟಾ. ಕೆಳಗೆ ಮಳೆ ತರುವ ಪಡುವಣ ಗಾಳಿ ಇದ್ದರೆ, ಹದಿನಾಲ್ಕು ಕಿಲೋಮೀಟರ್ ಎತ್ತರದ ಸುತ್ತಮುತ್ತ ಪೂರ್ವದಿಂದ ಪಶ್ಚಿಮಕ್ಕೆ ಒಂದು ಜೆಟ್ ಪ್ರವಾಹ, ಅಂದರೆ ನದಿಯ ಹಾಗೆ ಪಟ್ಟಿಯಾಗಿ ಬೀಸುವ ಬಲು ಜೋರು ಗಾಳಿ, ಓಡುತ್ತಿರುತ್ತದೆ. ಇದನ್ನು ಮೊದಲು ಸರಿಯಾಗಿ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ, 1958ರಲ್ಲಿ. ಶಿವಮೊಗ್ಗದ ಎಟಿಆರ್ ಇಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ, ಅದಕ್ಕೆ ಗಾಳಿಯಿಂದ ಒಂದೆರಡು ನಿಮಿಷ ಆಚೀಚೆ ಆಗಬಹುದು, ಅಷ್ಟೇ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬಂದೆ. ನೀವು ಶಿವಮೊಗ್ಗದವರಾಗಿದ್ದರೆ ಬೆಂಗಳೂರಿಗೇ ಹೋಗಿ ಅನ್ನುತ್ತಿದ್ದೆ. ತೀರ್ಥಹಳ್ಳಿಯವರಿಗೆ ಲೆಕ್ಕ ಬೇರೆ. ತೀರ್ಥಹಳ್ಳಿಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ದೂರ 90 ಕಿ.ಮೀ. ಆಗುಂಬೆ, ಹೆಬ್ರಿ, ಕಾರ್ಕಳ, ಮೂಡುಬಿದಿರೆ ಮೇಲೆ ಹೋದರೆ 140 ಕಿ.ಮೀ. ಆಸುಪಾಸು. ಆಗುಂಬೆಯ ಹದಿನಾಲ್ಕು ತಿರುವು ಇಳಿದ ಮೇಲೆ ಅಂಥ ಕಷ್ಟದ ರಸ್ತೆ ಇಲ್ಲ. ನಿಧಾನವಾಗಿ ಹೋದರೂ ಮೂರೂಮುಕ್ಕಾಲು ಗಂಟೆ. ಮಂಗಳೂರಿನಿಂದ ದುಬೈಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೇರ ವಿಮಾನ ಇದೆ, ದೂರ 2,450 ಕಿ.ಮೀ. ಚಿಲ್ಲರೆ, ಹಾರಾಟ ಮೂರು ಗಂಟೆ ನಲವತ್ತು ನಿಮಿಷ. ಮೂರು ಗಂಟೆ ಮುಂಚೆ ಹೋಗಿ ಕೂತರೂ ಮನೆಯಿಂದ ದುಬೈಗೆ ಹತ್ತೂವರೆ ಗಂಟೆ.

ಸೋಗಾನೆ ದಾರಿಯಲ್ಲಿ? ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ ಹಾದು ಸೋಗಾನೆ ಮುಟ್ಟಲು ಒಂದೂಮುಕ್ಕಾಲು ಗಂಟೆ. ಅಲ್ಲಿ ಕಾಯಲು ಒಂದೂವರೆ. ಹಾರಾಟ ಒಂದೂಕಾಲು. ಬೆಂಗಳೂರಿನಲ್ಲಿ ಇಂಡಿಗೋದ ದೇಶದೊಳಗಿನ ವಿಮಾನ ನಿಲ್ಲುವುದು ಟರ್ಮಿನಲ್ 1ರಲ್ಲಿ, ವಿದೇಶದ ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ಲಗೇಜ್ ತಗೊಂಡು, ಷಟಲ್ ಬಸ್ ಹತ್ತಿ, ಚೆಕ್-ಇನ್, ಇಮಿಗ್ರೇಶನ್ ಎಲ್ಲ ಮುಗಿಸಲು ಮೂರೂವರೆ ಗಂಟೆಯಾದರೂ ಕೈಯಲ್ಲಿ ಇರಬೇಕು. ಆಮೇಲೆ ನಾಲ್ಕು ಗಂಟೆ ಹಾರಾಟ. ಒಟ್ಟು ಹನ್ನೆರಡು. ಅದೂ ಎರಡು ವಿಮಾನದ ಹೊತ್ತು ಸರಿಯಾಗಿ ಕೂಡಿ ಬಂದರೆ.

ಡಿಸೆಂಬರ್ ಅಂದಿರಿ, ಅಲ್ಲಿದೆ ಇನ್ನೊಂದು ತೊಡಕು: ಮಂಜು. ಮಳೆ ಹೀರಿದ ನೆಲ, ಸುತ್ತ ಗದ್ದೆ ತೋಟ, ತುಂಗೆ ಒಂದು ಕಡೆ ಭದ್ರೆ ಒಂದು ಕಡೆ. ರಾತ್ರಿ ಆಕಾಶ ಶುಭ್ರವಾಗಿ, ಗಾಳಿ ಆಡದೆ ನಿಂತರೆ ನೆಲ ಬೇಗ ತಣ್ಣಗಾಗುತ್ತದೆ, ನೆಲದ ಪಕ್ಕದ ತೇವ ಮಂಜಾಗಿ ಕೂರುತ್ತದೆ. ಬಿಸಿಲೇರುವವರೆಗೆ ಕದಲುವುದಿಲ್ಲ. ಪೈಲಟ್‌ಗೆ ಇಷ್ಟು ದೂರ ಕಣ್ಣಿಗೆ ಕಾಣಲೇಬೇಕು ಅಂತ ನಿಯಮ ಇದೆ. ಕಾಣದಿದ್ದರೆ ಮೇಲೆ ಸುತ್ತು ಹಾಕುತ್ತಾರೆ, ಒಂದು ಸುತ್ತಿಗೆ ನಾಲ್ಕು ನಿಮಿಷ. ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಎಣ್ಣೆಯನ್ನು ಮೊದಲೇ ತುಂಬಿಸಿರುತ್ತಾರೆ, ಹಾಗಾಗಿ ಅಪಾಯ ಇಲ್ಲ. ಆದರೆ ಬೆಳಗ್ಗೆ ಬೆಂಗಳೂರಿನಿಂದ ಬಂದ ವಿಮಾನ ಇಳಿಯಲಾಗದೆ ಹಿಂದೆ ಹೋಯಿತು ಅಂದರೆ ನಿಮ್ಮನ್ನು ಕರೆದೊಯ್ಯಬೇಕಾದ ವಿಮಾನವೂ ಅದೇ ಆಗಿರುತ್ತದೆ. ನೀವು ಸೋಗಾನೆಯಲ್ಲಿ, ದುಬೈ ವಿಮಾನ ದೇವನಹಳ್ಳಿಯಲ್ಲಿ. ಕರಾವಳಿಯಲ್ಲಿರುವ ಮಂಗಳೂರಿಗೆ ಡಿಸೆಂಬರ್‌ನಲ್ಲಿ ಈ ಕಾಟ ಕಡಿಮೆ. ಜುಲೈ ಆಗಿದ್ದರೆ ನಾನು ಬೇರೆ ಹೇಳುತ್ತಿದ್ದೆ, ಆಗ ಆಗುಂಬೆ ಘಟ್ಟದಲ್ಲಿ ಯಾವಾಗ ಮಣ್ಣು ಕುಸಿಯುತ್ತದೋ ಗೊತ್ತಾಗದು.

ಆದ್ದರಿಂದ ಮಂಗಳೂರಿಗೇ ನನ್ನ ಓಟು. ಕತ್ತಲಲ್ಲಿ ಘಟ್ಟ ಇಳಿಯದ ಹಾಗೆ ಹೊತ್ತು ನೋಡಿ ಟಿಕೆಟ್ ಮಾಡಿಸಿ. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ಸಂಜೆಯೇ ಇಳಿದು ಕಾರ್ಕಳದಲ್ಲೋ ಮೂಡುಬಿದಿರೆಯಲ್ಲೋ ಉಳಿದುಕೊಳ್ಳಿ. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಡಿಸೆಂಬರ್ ಪ್ರಯಾಣಕ್ಕೆ ಚಳಿಗಾಲದ ಪಟ್ಟಿಯನ್ನೇ ನೋಡಬೇಕು.

ಬೆಂಗಳೂರೇ ಬೇಕು, ಅಲ್ಲಿ ವಿಮಾನದ ಆಯ್ಕೆ ಜಾಸ್ತಿ ಅಂತ ಮಗಳು ಹಟ ಹಿಡಿದರೆ, ಎರಡು ಹಾರಾಟವೂ ಒಂದೇ ಪಿಎನ್ಆರ್‌ನಲ್ಲಿ ಇರಲಿ. ಆಗ ಮೊದಲನೆಯದು ತಡವಾದರೆ ಮುಂದಿನ ವಿಮಾನಕ್ಕೆ ಕೂರಿಸುವ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಯಾರೂ ಕೇಳುವುದಿಲ್ಲ, ಎರಡನೇ ಟಿಕೆಟ್ ದುಡ್ಡು ಹೋದ ಹಾಗೆಯೇ. ಹಾಗೆ ಬೇರೆ ಬೇರೆ ಮಾಡಿಸಲೇಬೇಕಾಗಿ ಬಂದರೆ ಸೋಗಾನೆ ವಿಮಾನದ ಆಸೆ ಬಿಟ್ಟು, ತಾಳಗುಪ್ಪದಿಂದ ಬರುವ ರಾತ್ರಿ ರೈಲನ್ನು ಶಿವಮೊಗ್ಗದಲ್ಲಿ ಹಿಡಿಯಿರಿ. ಬೆಳಗಿನ ಜಾವ ಬೆಂಗಳೂರಿನಲ್ಲಿರುತ್ತೀರಿ. ದುಬೈ ವಿಮಾನವನ್ನು ಮಧ್ಯಾಹ್ನದ ಮೇಲಿನದ್ದೇ ನೋಡಿ ಮಾಡಿಸಿ.